ಆವುಲಪ್ಪನ ಸಾಲು

ಪ್ರಿಂಟರಿನ ಕರಕರ ನಿಂತಿತು, ನೂರುನ್ನೀಸಾ ಹಾಳೆ ಹರಿದುಕೊಂಡಳು, ತೂತಂಚಿನ ಪಟ್ಟಿ ಬೆರಳಿಗೆ ಸುತ್ತಿಕೊಂಡಿತು, ಬಿಡಿಸಲು ಮನಸ್ಸಾಗಲಿಲ್ಲ — ಒಂದೇ ಪ್ರೋಗ್ರಾಂ, ಎರಡು ಫ್ಲಾಪಿ, ಚಿಂತಾಮಣಿಯ ಈ ಆಸ್ಪತ್ರೆಗೆಂದು ಅವಳೇ ಬರೆದದ್ದು, ಮಗುವಿನ ತೂಕ ಕೊಟ್ಟರೆ ಇಂಜೆಕ್ಷನ್ ಎಷ್ಟು, ಎಷ್ಟು ಗಂಟೆಗೊಮ್ಮೆ ಎಂದು ಚೀಟಿ ಬರುತ್ತದೆ, ಅದರ ನಕಲನ್ನು ಗೌರಿಬಿದನೂರಿನ ಶಾಖೆಗೆ ಒಯ್ದ ಕಂಪ್ಯೂಟರ್ ಹುಡುಗ ಆವುಲಪ್ಪ ಅಲ್ಲಿ ತಿದ್ದಿದ, ಇಲ್ಲಿ ಇವಳೂ ತಿದ್ದಿದಳು, ತೊಂಬತ್ತೈದರ ಯುಗಾದಿ ಕಳೆದ ಮೇಲೆ ದೊಡ್ಡ ಡಾಕ್ಟರು, ಎರಡನ್ನೂ ಸೇರಿಸಿ ಒಂದು ಮಾಡಮ್ಮ, ಅಂದರು, ಮಾಡಿದಳು, ಸಾಲಿಗೆ ಸಾಲು ಹೋಲಿಸಿ, ನೂರಾರು ಸಾಲು ತಕರಾರಿಲ್ಲದೆ ಕೂಡಿಕೊಂಡವು, ಒಂದು ಕಡೆ ಮಾತ್ರ ಇಬ್ಬರೂ ಒಂದೇ ಜಾಗಕ್ಕೆ ಕೈ ಹಾಕಿದ್ದರು — ಅವಳದು, ಎಲ್ಲರಿಗೂ ಎಂಟು ಗಂಟೆಗೊಮ್ಮೆ, ಅವನದು, ಹುಟ್ಟಿ ತಿಂಗಳಾಗದ ಕೂಸಾದರೆ ದಿನಕ್ಕೆ ಒಂದೇ ಸಲ, ಪಕ್ಕದಲ್ಲೊಂದು ಟಿಪ್ಪಣಿ, ವಾರ್ಡಿನ ಮುನಿಶಾಮಮ್ಮ ಸಿಸ್ಟರ್ ಹೇಳಿದ್ದು ಅಂತ. ಸಿಸ್ಟರ್ ಹೇಳಿದಂತೆಲ್ಲ ಪ್ರೋಗ್ರಾಂ ಬರೆಯುವುದೇ, ಅನ್ನಿಸಿತ್ತಲ್ಲ, ಹೌದು, ಅನ್ನಿಸಿತ್ತು, ಅಲ್ಲದೆ ತನ್ನ ಸಾಲು ಎಷ್ಟು ಚೊಕ್ಕವಾಗಿತ್ತು. ಅವನು ಫೋನು ಮಾಡಿದ್ದ, ಅಕ್ಕ, ಆ ಸಾಲು ಮಾತ್ರ ತೆಗೀಬೇಡಿ ಅಕ್ಕ, ಎಳೇ ಕೂಸುಗಳ ವಿಷ್ಯ, ಒಂದ್ಸಲ ಡಾಕ್ಟ್ರನ್ನ ಕೇಳಿ, ಸರಿ ಬಿಡಪ್ಪ, ಕೇಳ್ತೀನಿ — ಕೇಳಲಿಲ್ಲ, ಡಾಕ್ಟರ ಕೋಣೆ ಹನ್ನೆರಡು ಹೆಜ್ಜೆ ದೂರ, ಅವನ ಸಾಲು ಅಳಿಸಿದಳು, ಚಹಾ ಕುಡಿದಳು. ಆ ವಾರವೇ ದಿಬ್ಬೂರಹಳ್ಳಿಯ ಆಂಜಿನಮ್ಮ ಎಂಟು ದಿನದ ಹೆಣ್ಣುಕೂಸನ್ನು ಜ್ವರವೆಂದು ತಂದಳು, ದಿನಕ್ಕೆ ಮೂರು ಇಂಜೆಕ್ಷನ್, ಹತ್ತು ದಿನ, ಜ್ವರ ಬಿಟ್ಟಿತು, ಎಲ್ಲರೂ ಸಂತೋಷಪಟ್ಟರು, ಈಗ ಹತ್ತು ತಿಂಗಳ ಕೂಸು, ಎಷ್ಟು ಕರೆದ್ರೂ ತಿರುಗಿ ನೋಡಲ್ಲ ಸಾ, ಅಂತ ಇವತ್ತು ಬೆಳಿಗ್ಗೆ ಬಂದಳು, ಡಾಕ್ಟರು ಪರೀಕ್ಷೆ ಮಾಡಿದರು, ಹಳೆಯ ಚೀಟಿ ನೋಡಿದರು, ನೂರುನ್ನೀಸಾಳನ್ನು ಕರೆದು ಮೆಲ್ಲಗೆ ಕೇಳಿದರು, ಎಳೇ ಕೂಸಿಗೆ ಈ ಔಷಧಿ ಹೆಚ್ಚಾದ್ರೆ ಕಿವಿ ಹೋಗುತ್ತೆ, ಇದಕ್ಕೆ ಮೂರು ಸಲ ಅಂತ ಹೇಗಮ್ಮ ಬಂತು, ಕಂಪ್ಯೂಟರ್ ಹೇಳ್ತಲ್ಲ ಅಂತ ನಾನೂ ಸಹಿ ಹಾಕ್ಬಿಟ್ಟೆ. ಆವುಲಪ್ಪನ ಸಾಲನ್ನು ಈಗ ಮತ್ತೆ ಅದರ ಜಾಗದಲ್ಲಿ ಕೂರಿಸಿದ್ದಾಳೆ, ಟಿಪ್ಪಣಿಯ ಸಮೇತ, ಹಾಳೆಯಲ್ಲಿ ಅಚ್ಚಾಗಿದೆ, ಇನ್ನು ಬರುವ ಕೂಸುಗಳಿಗೆ ಆಯಿತು, ಈ ಕೂಸಿಗೆ — ಡಾಕ್ಟರೇ ಹೇಳಲಿ, ಇಲ್ಲ, ತಾನೇ, ಎದ್ದಳು, ವರಾಂಡ, ಬೆಂಚು, ತೊಡೆಯ ಮೇಲೆ ಕೂಸು, ಆಂಜಿನಮ್ಮ ಲೋಟದಿಂದ ಹಾಲು ಕುಡಿಸುತ್ತಿದ್ದಾಳೆ, ಅಮ್ಮಾ, ಆವತ್ತಿನ ಚೀಟಿ ತಪ್ಪಾಗಿತ್ತು, ಅದಕ್ಕೇ ಮಗೂಗೆ ಕಿವಿ ಹೋಗಿರೋದು, ಬರ್ದಿದ್ದು ನಾನು, ಬೇಡ ಅಂದ್ರೂ ಕೇಳ್ದೆ ಬರ್ದಿದ್ದು ನಾನು. ಏಮಮ್ಮಾ, ಏನಮ್ಮಾ ಅಂತ ತೆಲುಗಿನಲ್ಲಿ ಅಂದಳು ಆಂಜಿನಮ್ಮ, ಅಷ್ಟೇ, ಕೈಯ ಸ್ಟೀಲ್ ಲೋಟ ಜಾರಿ ಕಲ್ಲುಚಪ್ಪಡಿಯ ಮೇಲೆ ಠಣ್ಣೆಂದಿತು, ಬೆಂಚಿನವರೆಲ್ಲ ತಿರುಗಿದರು, ಔಷಧಿ ಕಿಟಕಿಯವನೂ ಇಣುಕಿದ, ಲೋಟ ಉರುಳುತ್ತಿದೆ, ಕೂಸು ನೂರುನ್ನೀಸಾಳ ಹಸಿರು ಬಳೆ ನೋಡುತ್ತಿದೆ, ಲೋಟ ಇನ್ನೂ ಉರುಳುತ್ತಲೇ ಇದೆ, ಕೂಸು ಬಳೆಯನ್ನು, ಬಳೆಯನ್ನೇ —