ರಾಷ್ಟ್ರಪತಿಯ ಪಾಳಿ

"ಏ ರಾಷ್ಟ್ರಪತಿ, ಎಮ್ಮಿ ಸಗಣಿ ಇನ್ನಾ ಅಲ್ಲೇ ಬಿದ್ದಾದಲ್ಲ, ನಿಮ್ಮಪ್ಪ ಬಂದು ಬಳೀತಾನೇನ?"

ಕಲ್ಯಾಣಪ್ಪ ಮಾಲಕರು ವಾಡೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಲ್ಲಿಂದಲೇ ಕೇಳಿದರು. ಕೊಟ್ಟಿಗೆಯಲ್ಲಿ ಬಗ್ಗಿದ್ದ ಸುಗಲಾಬಾಯಿ ತಲೆ ಎತ್ತಲಿಲ್ಲ. ಬುಟ್ಟಿಗೆ ಇನ್ನೊಂದು ಬೊಗಸೆ ಸಗಣಿ ಹಾಕಿದಳು. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನಗಲೇಬೇಕು, ಚಹಾ ಮಾಲಕರದು.

ರಾಷ್ಟ್ರಪತಿ ಎಂಬುದು ಬೈಗುಳವಲ್ಲ, ಹುದ್ದೆ. ಅದೂ ಮಾಲಕರೇ ದಯಪಾಲಿಸಿದ್ದು. ಕರಜಗಿ ದಾಟಿದ ಮೇಲೆ ಎಸ್.ಟಿ. ಬಸ್ಸು ಧೂಳೆಬ್ಬಿಸಿ ಹೊರಳುವ ಆ ಊರಿನ ಪಂಚಾಯತಿಯ ಸರಪಂಚ ಕುರ್ಚಿ ಈ ಸಲ ಹೊಲಗೇರಿಯ ಹೆಣ್ಣುಮಗಳಿಗೆ ಮೀಸಲಾಗಿ ಬಂದಿತ್ತು. ಸುದ್ದಿ ಕೇಳಿದ ದಿನ ಮಾಲಕರ ಹೊಟ್ಟೆಗೆ ಬೆಂಕಿ ಬಿದ್ದದ್ದು ನಿಜ. ಆದರೆ ಅವರು ಬುದ್ಧಿವಂತರು. ಬೆಂಕಿಯ ಮೇಲೆ ನೀರು ಹಾಕಿ ಕೇರಿಯ ಕಡೆ ಕಣ್ಣು ಹಾಯಿಸಿದರು. ಪಾರ್ವತಿಬಾಯಿ ಏಳನೆಯ ಇಯತ್ತೆ ಕಲಿತವಳು, ಬೇಡ. ಇಂದುಬಾಯಿಯ ಮಗ ಪುಣೆಯಲ್ಲಿ ಯೂನಿಯನ್ನು ಗೀನಿಯನ್ನು ಎಂದು ಓಡಾಡುವವನು, ಅದೂ ಬೇಡ. ಸುಗಲಾಬಾಯಿಯ ಗಂಡ ಗುರುಸಿದ್ಧ ಮಾಲಕರಲ್ಲಿ ವರ್ಷದಾಳು. ಅವರ ಗುಡಿಸಲು ನಿಂತದ್ದು ಮಾಲಕರ ಕಣದ ಮೂಲೆಯಲ್ಲಿ, ಅದರ ಮೇಲಿನ ತಗಡೂ ಮಾಲಕರದೇ. ಇಂಥ ಯೋಗ್ಯ ಸರಪಂಚ ಇಡೀ ಮಹಾರಾಷ್ಟ್ರದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅವಿರೋಧವಾಗಿ ಆರಿಸಿ ಬಂದಳು. ಉಪಸರಪಂಚರು ಯಾರೆಂದು ಬೇರೆ ಹೇಳಬೇಕೇ?

ಆರಿಸಿ ಬಂದ ದಿನವೇ ಮಾಲಕರು ಆಕೆಯನ್ನು ಅಂಗಳದಲ್ಲಿ ಕೂರಿಸಿ ದೇಶದ ಆಡಳಿತವನ್ನು ಬಿಡಿಸಿ ಹೇಳಿದ್ದರು.

"ದಿಲ್ಲ್ಯಾಗ ಎಲ್ಲಾರಕಿಂತ ಮ್ಯಾಲ ಯಾರು? ರಾಷ್ಟ್ರಪತಿ. ಭೂಸೇನಾ, ನೌಸೇನಾ, ವಾಯುಸೇನಾ, ಮೂರೂ ಅವರ ಕೈಯಾಗ. ಹಂಗಂತ ರಾಷ್ಟ್ರಪತಿ ಬಂದೂಕ ಹಿಡಕೊಂಡು ಹೊಂಟಾರೇನ? ಪ್ರಧಾನಿ ಕಾಗದ ಕಳಸ್ತಾರ, ರಾಷ್ಟ್ರಪತಿ ಸಹಿ ಮಾಡ್ತಾರ. ಬಸ್. ನೀ ಊರಿಗಿ ರಾಷ್ಟ್ರಪತಿ, ನಾ ಪ್ರಧಾನಿ. ಸಹಿ ಮಾಡು, ಸಗಣಿ ಬಳಿ, ಆರಾಮ ಇರು."

ಹೇಳಿದ್ದು ಸುಳ್ಳಲ್ಲ, ವ್ಯವಸ್ಥೆ ಪಕ್ಕಾ ಇತ್ತು. ಮಾಲಕರ ತಮ್ಮನ ಮಗ ಸಚಿನ ಮತ್ತು ಅವನ ಮೋಟರಸೈಕಲ್ಲಿನ ಗೆಳೆಯರೇ ಊರಿನ ಭೂಸೇನೆ. ನೌಕಾದಳ ಸಿದ್ಧರಾಮನ ಕೈಯಲ್ಲಿತ್ತು. ನಳದ ನೀರು ಯಾವ ಓಣಿಗೆ ಬಿಡಬೇಕು, ಯಾವ ಓಣಿಗೆ ಬಿಡಬಾರದು ಎನ್ನುವವನು ಅವನೇ. ಕೇರಿಯವರು ಸ್ವಲ್ಪ ದನಿ ಎತ್ತಿದರೆ ಅವರ ನಳ ವಾರಗಟ್ಟಲೆ ಕೆಮ್ಮುತ್ತಿತ್ತು. ವಾಯುಸೇನೆ ಎಂದರೆ ಮಾಲಕರ ಬಾಯಿ. ಎಲ್ಲಿಂದ ಬಂದು ಯಾರ ತಲೆಯ ಮೇಲೆ ಬೀಳುತ್ತದೆಂದು ಹೇಳಲಾಗದು. ಪರರಾಷ್ಟ್ರ ವ್ಯವಹಾರವನ್ನು ಗ್ರಾಮಸೇವಕ ಯೋಗಿರಾಜ ನೋಡಿಕೊಳ್ಳುತ್ತಿದ್ದ. ಅಕ್ಕಲಕೋಟೆಯಿಂದ ಸಾಹೇಬರು ಬಂದರೆ ಅವರೊಡನೆ ಮರಾಠಿಯಲ್ಲಿ ನಗುವುದು ಅವನ ಖಾತೆ. ಇವೆಲ್ಲದರ ಮೇಲೆ ಒಂದು ಅಣುಬಾಂಬು ಇತ್ತು: "ತಗಡ ಕಿತ್ತಸ್ತೀನಿ ನೋಡು." ಅದನ್ನು ಹಾಕುವುದಿಲ್ಲ, ಇದೆ ಎಂದು ಆಗಾಗ ನೆನಪು ಮಾಡಿಕೊಡುತ್ತಾರೆ, ಅಷ್ಟೇ. ದೊಡ್ಡ ದೇಶಗಳೂ ಹಾಗೆಯೇ ಮಾಡುತ್ತವಂತೆ.

ಸುಗಲಾಬಾಯಿಗೆ ಕುರ್ಚಿಯ ಆಸೆ ಇರಲಿಲ್ಲ. ಪಂಚಾಯತಿಯಲ್ಲಿ ಆಕೆ ಕೂರುತ್ತಿದ್ದದ್ದು ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ. ಸಹಿ ಮಾಡುವ ಕಾಗದಗಳು ಅಲ್ಲಿಗೇ ಬರುತ್ತಿದ್ದವು. ಆಕೆಗೆ ಬೇಕಾಗಿದ್ದದ್ದು ಒಂದೇ. ಝೆಂಡಾದ ಹಗ್ಗವನ್ನು ಒಂದು ಸಲ ತನ್ನ ಕೈಯಿಂದ ಎಳೆಯಬೇಕು. ಸರಪಂಚರೇ ಎಳೆಯಬೇಕೆಂದು ಕಾಯದೆಯಿದೆ ಅಂತ ಯೋಗಿರಾಜನೇ ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಪಾಪ, ಆಮೇಲೆ ನಾಲಿಗೆ ಕಚ್ಚಿಕೊಂಡ.

ಆ ಮಾತು ನಂಬಿ ಕಳೆದ ಆಗಸ್ಟ್ ಹದಿನೈದಕ್ಕೆ ಆಕೆ ಎರೆದುಕೊಂಡು, ಪಾರ್ವತಿಬಾಯಿಯ ಹಸಿರು ಇಳಕಲ್ ಸೀರೆ ಕೇಳಿ ಉಟ್ಟುಕೊಂಡು ಪಂಚಾಯತಿಯ ಮುಂದೆ ಹೋಗಿ ನಿಂತಳು. ಮಾಲಕರು ಬಂದವರೇ ಆಕೆಯ ಸೀರೆ ನೋಡಿ, ಇವತ್ತು ಯಾರ ಲಗ್ನ ಅದ ಎಂದು ಕೇಳಿದರು. ಝೆಂಡಾದ ಕಟ್ಟೆಯ ಮೇಲೆ ನಾಯಿಯೊಂದು ಹೊಲಸು ಮಾಡಿತ್ತು. ಬಕೆಟ್ಟು ತರಿಸಿ ಆಕೆಯ ಕೈಗೆ ಕೊಟ್ಟರು. ಆಕೆ ಎರವಲು ಸೀರೆಯ ನೆರಿಗೆ ಎತ್ತಿ ಕಟ್ಟಿ ಕಟ್ಟೆ ತೊಳೆದಳು. ತೊಳೆದಾದ ಮೇಲೆ, ಇಳಿ ಕೆಳಗ, ಗಟಾರದ ಆ ಕಡಿ ನಿಂದ್ರು ಎಂದರು. ಹಗ್ಗವನ್ನು ತಾವೇ ಎಳೆದರು. ಬಕೆಟ್ಟು ಹಿಡಿದೇ ಆಕೆ ರಾಷ್ಟ್ರಗೀತೆಗೆ ನೆಟ್ಟಗೆ ನಿಂತಳು. ಹಗ್ಗ ಎಳೆಯಬೇಕಾದವರು ಸರಪಂಚರಲ್ಲವೇ ಎಂದು ಕೊನೆಗೆ ಧೈರ್ಯ ಮಾಡಿ ಕೇಳಿದಾಗ ಮಾಲಕರು ಊರಿಗೆಲ್ಲ ಕೇಳುವಂತೆ ಉತ್ತರ ಕೊಟ್ಟರು.

"ಪಂದ್ರಾ ಆಗಸ್ಟಕ್ಕ ದಿಲ್ಲ್ಯಾಗ ಝೆಂಡಾ ಏರಸಾವರು ಯಾರು? ಪ್ರಧಾನಿ. ಟಿ.ವಿ. ನೋಡು ಹಲ್ಕಟ್."

ಊರು ನಕ್ಕಿತು. ಆಕೆ ಬಕೆಟ್ಟು ಕಟ್ಟೆಯ ಬದಿಗಿಟ್ಟು ಮನೆಗೆ ನಡೆದಳು. ನಾಚಿಕೆಯಾಗಿತ್ತು, ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಸಿಟ್ಟನ್ನು ಇಟ್ಟುಕೊಳ್ಳಲು ಗುಡಿಸಲಿನಲ್ಲಿ ಜಾಗವಿರಲಿಲ್ಲ, ಹಾಗಾಗಿ ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಚಳಿಗಾಲದಲ್ಲಿ ಮಾಲಕರ ಸೊಸೆ ಶುಭಾಂಗಿಯ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಮಾಲಕರಿಗೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಬಂಗಲೆಯಿದೆ. ಪಾತ್ರೆ ತಿಕ್ಕಲು ಊರಿನ ರಾಷ್ಟ್ರಪತಿಯನ್ನು ಟೆಂಪೋದಲ್ಲಿ, ಜೋಳದ ಚೀಲಗಳ ನಡುವೆ ಕೂರಿಸಿ ಕರೆಸಿಕೊಂಡರು. ಗೇಟಿನ ಬಳಿ ಉಳಿದ ಅನ್ನ ತಿನ್ನುತ್ತ ಕೂತಾಗ ಆಕೆಗೆ ಮಾತಿಗೆ ಸಿಕ್ಕವನು ವಾಚಮನ್ ಶಾಂತಪ್ಪ. ವಳಸಂಗದವನು, ಇವಳದೇ ಕುಲ. ಮಿಲಿಟರಿಯಲ್ಲಿ ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದು, ಈಗ ಮಾಲಕರ ಕಾರು ಬಂದಾಗಲೆಲ್ಲ ಗೇಟು ತೆಗೆದು ಸಲ್ಯೂಟ್ ಹೊಡೆಯುವ ಕೆಲಸದಲ್ಲಿದ್ದ.

ಶಾಂತಪ್ಪ ಸೇನೆಯ ಏಣಿಯನ್ನು ಆಕೆಗೆ ವಿವರಿಸಿದ. ಸಿಪಾಯಿಯ ಮೇಲೆ ನಾಯಕ, ನಾಯಕನ ಮೇಲೆ ಹವಾಲ್ದಾರ, ಅವನ ಮೇಲೆ ಸುಬೇದಾರ, ಹೀಗೆ ಏರುತ್ತ ಏರುತ್ತ ಜನರಲ್‌ವರೆಗೆ ಹೋಗುತ್ತದೆ. ಹುಕುಮು ಮೇಲಿನಿಂದ ಇಳಿಯುತ್ತದೆ, ಬೂಟು ಒರೆಸುವ ಕೆಲಸವೂ ಮೇಲಿನಿಂದಲೇ ಇಳಿಯುತ್ತದೆ, ಎರಡೂ ತಳಕ್ಕೆ ಬಂದು ನಿಲ್ಲುತ್ತವೆ ಎಂದ. ಮಾಲಕರಂಥ ಮನುಷ್ಯನಿಗೆ ಸಲ್ಯೂಟ್ ಹೊಡೆಯಲು ಮನಸ್ಸು ಹೇಗೆ ಬರುತ್ತದೆ ಎಂದು ಆಕೆ ಕೇಳಿದಳು.

"ಸಲ್ಯೂಟ್ ಮನಷಾಗ ಅಲ್ಲವ್ವಾ, ಹುದ್ದಾಕ್ಕ. ಕುರ್ಚಿ ಮ್ಯಾಲ ಕ್ವಾಣ ಕೂತರೂ ಹೊಡೀಬೇಕು. ನನಗ ರೂಢಿ ಆಗ್ಯಾದ."

ಮಾತಿಗೆ ಮಾತು ಬಂದು ಆಕೆ ಬಕೆಟ್ಟಿನ ಕಥೆಯನ್ನೂ ಹೇಳಿದಳು. ಶಾಂತಪ್ಪ ಬೀಡಿ ಆರಿಸಿದ. ಆಮೇಲೆ, ಮಾಲಕರು ಹೇಳಿದ್ದರಲ್ಲಿ ಅರ್ಧ ಖರೆ ಎಂದ. ಆಗಸ್ಟಿನಲ್ಲಿ ಪ್ರಧಾನಿ. ಆದರೆ ಜನವರಿ ಇಪ್ಪತ್ತಾರಕ್ಕೆ ಝೆಂಡಾ ಬಿಚ್ಚುವವರು ರಾಷ್ಟ್ರಪತಿ, ಆ ದಿನ ಪ್ರಧಾನಿಯೂ ಎದುರಿಗೆ ಕೈ ಕಟ್ಟಿ ನಿಲ್ಲಬೇಕು, ಮೂರೂ ಸೇನೆಯವರು ರಾಷ್ಟ್ರಪತಿಗೇ ಸಲ್ಯೂಟ್ ಹೊಡೆಯಬೇಕು.

"ಇದು ಮಾಲಕರಿಗಿ ಗೊತ್ತದ?"

"ಇಡೀ ದೇಶಕ್ಕ ಗೊತ್ತದ. ಅವರಿಗಿ ಹಗ್ಗ ಎಲ್ಲದ ಅಷ್ಟ ಗೊತ್ತದ."

ಸುಗಲಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಗಸ್ಟಿನಿಂದ ಆಕೆ ನಕ್ಕದ್ದು ಅದೇ ಮೊದಲು.

ಜನವರಿ ಇಪ್ಪತ್ತಾರು ಬಂತು. ಮಾಲಕರು ಖಾದಿ ಇಸ್ತ್ರಿ ಮಾಡಿಸಿಕೊಂಡು, ಬಿಳಿ ಟೊಪ್ಪಿಗೆ ಹಾಕಿಕೊಂಡು ಸೊಲ್ಲಾಪುರದಿಂದ ಬಂದರು. ಕಾರಿನ ಮುಂದಿನ ಸೀಟಿನಲ್ಲಿ ಶಾಂತಪ್ಪನಿದ್ದ, ಹಳೆಯ ಕೋಟಿನ ಮೇಲೆ ಪದಕ ತೊಡಿಸಿದ್ದರು. ಇದು ಪ್ರತಿ ಜನವರಿಯ ಪದ್ಧತಿ. ಝೆಂಡಾ ಬಿಚ್ಚಿದ ಮೇಲೆ ಶಾಂತಪ್ಪ ಮಾಲಕರಿಗೆ ಸಲ್ಯೂಟ್ ಹೊಡೆಯಬೇಕು, ಮಾಲಕರು ತಿರುಗಿ ಹೊಡೆಯಬೇಕು, ಸಚಿನ ಫೋಟೋ ತೆಗೆಯಬೇಕು. ಒಂದು ದಿನವೂ ಪರೇಡು ಮಾಡದೆ ಜನರಲ್ ಆಗಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆ ಫೋಟೋಗಳನ್ನು ಕಟ್ಟು ಹಾಕಿಸಿ ವಾಡೆಯ ಗೋಡೆಗೆ ತೂಗುಹಾಕಿದ್ದಾರೆ.

ಸುಗಲಾಬಾಯಿ ಅದೇ ಹಸಿರು ಸೀರೆ ಉಟ್ಟುಕೊಂಡು ಗಟಾರದ ಆಚೆ ಹೆಂಗಸರ ನಡುವೆ ನಿಂತಿದ್ದಳು. ಗುರುಸಿದ್ಧ ಹಿಂದಿನಿಂದ ಬಂದು, ತಲಿ ಮ್ಯಾಲಿನ ತಗಡ ನೆನಪದ ಇಲ್ಲ ಎಂದು ಪಿಸುಗುಟ್ಟಿದ. ನೆನಪಿತ್ತು. ನೆನಪಿದ್ದೇ ಆಕೆ ಗಟಾರ ದಾಟಿದಳು. ಮಾಲಕರು ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಏರಿ ಹಗ್ಗಕ್ಕೆ ಕೈ ಹಾಕಿ ನಿಂತಿದ್ದಳು.

"ಇಳಿ ಕೆಳಗ. ಕಸಾ ಆಮ್ಯಾಲ ಹೊಡದರಾತು."

"ಮಾಲಕರ, ಆಗಸ್ಟ ಪ್ರಧಾನಿದು, ಜಾನೇವಾರಿ ರಾಷ್ಟ್ರಪತಿದು. ದಿಲ್ಲ್ಯಾಗ ಹಂಗ ಅದಂತ. ಇವತ್ತು ನನ್ನ ಪಾಳಿ."

ಜನ ನಕ್ಕುಬಿಟ್ಟರು. ರಾಷ್ಟ್ರಪತಿ ಎಂಬ ಮಾತು ಕಿವಿಗೆ ಬಿದ್ದರೆ ನಗಬೇಕೆಂದು ಮಾಲಕರೇ ಊರಿಗೆ ರೂಢಿ ಮಾಡಿಸಿದ್ದರು. ಈ ಸಲ ನಗುತ್ತಿರುವುದು ಯಾರನ್ನು ನೋಡಿ ಎಂದು ಗೊತ್ತಾಗಿ ಜನ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಆಕೆ ಹಗ್ಗ ಎಳೆದಾಗಿತ್ತು. ಗಂಟು ಬಿಚ್ಚಿತು, ಝೆಂಡಾ ಬಿಚ್ಚಿಕೊಂಡಿತು, ಒಳಗೆ ಕಟ್ಟಿದ್ದ ಚೆಂಡುಹೂವಿನ ಎಸಳು ಮಾಲಕರ ಟೊಪ್ಪಿಗೆಯ ಮೇಲೆ ಬಿದ್ದವು. ಆಕೆಯ ಕೆನ್ನೆಗೆಂದು ಮಾಲಕರ ಕೈ ಮೇಲೆದ್ದಿತು.

ಆದರೆ ಝೆಂಡಾ ಬಿಚ್ಚಿದ ಕೂಡಲೇ ಹಾಡಬೇಕೆಂದು ಸಾಲೆಯ ಮಕ್ಕಳಿಗೆ ಕಲಿಸಿದ್ದರು. ಬಿಚ್ಚಿದವರು ಯಾರೆಂದು ನೋಡಬೇಕೆಂದು ಕಲಿಸಿರಲಿಲ್ಲ. ರಾಷ್ಟ್ರಗೀತೆ ಶುರುವಾಯಿತು. ಎತ್ತಿದ ಕೈಯನ್ನು ಮಾಲಕರು ಇಳಿಸಿ ತೊಡೆಗೆ ಅಂಟಿಸಿಕೊಳ್ಳಬೇಕಾಯಿತು. ನುಗ್ಗಿ ಬರುತ್ತಿದ್ದ ಸಚಿನ ಒಂದು ಕಾಲು ಗಟಾರದ ಈಚೆ, ಒಂದು ಕಾಲು ಆಚೆ ಇಟ್ಟು ನಿಂತ. ಸಿದ್ಧರಾಮ ನಿಂತ, ಯೋಗಿರಾಜ ನಿಂತ. ಮೂರೂ ಸೇನೆ ಪರೇಡಿನ 'ಸಾವಧಾನ್' ಹುಕುಮಿಗೆ ನಿಂತಂತೆ ನೆಟ್ಟಗೆ. ದೇಶಭಕ್ತರು, ಏನು ಮಾಡುವುದು, ಅಲುಗಾಡುವ ಹಾಗಿಲ್ಲ. ಮಾಲಕರ ತುಟಿ ಮಾತ್ರ ಅಲುಗಿತು.

"ಮುಗೀಲಿ ರಂಡಿ, ಇದು ಮುಗೀಲಿ."

ಸುಗಲಾಬಾಯಿಗೆ ಹಾಡಿನ ಮಾತು ಪೂರ್ತಿ ಬಾರವು. ಬಂದಷ್ಟನ್ನು ಗಟ್ಟಿಯಾಗಿ ಹಾಡಿದಳು. ಹೆದರಿಕೆಯಾಗಿತ್ತು, ಆದರೂ ಅಷ್ಟು ಸಂತೋಷ ಆಕೆಗೆ ಲಗ್ನದ ದಿನವೂ ಆಗಿರಲಿಲ್ಲ. ಮಕ್ಕಳು ಇನ್ನೂ ನಿಧಾನವಾಗಿ ಹಾಡಲಿ ಎಂದು ದೇವರಲ್ಲಿ ಬೇಡಿಕೊಂಡಳು. ಮಕ್ಕಳು ಕಲಿಸಿದ ಹಾಗೆಯೇ ಹಾಡಿ ಮುಗಿಸಿದವು.

ಮುಗಿದ ಮೇಲೆ ಶಾಂತಪ್ಪ ಹೆಜ್ಜೆ ಬಡಿದು ಹೊರಳಿದ. ಮಾಲಕರು ರೂಢಿಯಂತೆ ಕೈಯನ್ನು ಅರ್ಧಕ್ಕೆ ಎತ್ತಿಯೂ ಬಿಟ್ಟರು. ಶಾಂತಪ್ಪ ಅವರನ್ನು ದಾಟಿ, ಕಟ್ಟೆಯ ಮೇಲಿದ್ದ ಹೆಣ್ಣುಮಗಳಿಗೆ ಎದುರಾಗಿ ನಿಂತು ಸಲ್ಯೂಟ್ ಹೊಡೆದ. ಮಾಲಕರು ಎತ್ತಿದ ಕೈಯಿಂದ ಕಿವಿ ಕೆರೆದುಕೊಂಡರು. ಫೋಟೋ ಮಾತ್ರ ಚೆನ್ನಾಗಿ ಬಂತೆಂದು ಹೇಳುತ್ತಾರೆ. ಶಾಂತಪ್ಪನ ನೌಕರಿ ಅಲ್ಲೇ, ಅಷ್ಟೂ ಜನರ ಮುಂದೆ ಹೋಯಿತು. ಅವನು ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಸ್ಸಿಗೆ ನಡೆದ.

ಜನರೆದುರು ಮಾಲಕರು ಆಕೆಗೆ ಹೊಡೆಯಲಿಲ್ಲ. ಮೊಬೈಲುಗಳು ಮೇಲೆದ್ದಿದ್ದವು, ಮಾಲಕರು ಕಾಯದೆ ತಿಳಿದವರು. ಆಕೆ ಕಣಕ್ಕೆ ಹೋಗಿ ನೋಡುವಷ್ಟರಲ್ಲಿ ಸಚಿನ ಮತ್ತವನ ಗೆಳೆಯರು ತಗಡಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆದಿದ್ದರು. ತಗಡಿನ ಜೊತೆ ಒಂದು ಗೋಡೆಯೂ ಬಂದಿತ್ತು. ತಗಡು ಮಾಲಕರದು, ಒಯ್ದಿದ್ದರಲ್ಲಿ ತಪ್ಪೇನಿದೆ? ಗೋಡೆ ಗುರುಸಿದ್ಧನ ಅಪ್ಪ ಕಟ್ಟಿದ್ದು. ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು.

ಗುರುಸಿದ್ಧ ಮಣ್ಣಿನಲ್ಲಿ ಹೂತ ಕೊಡವನ್ನು ಎಳೆದು ತೆಗೆಯುತ್ತ ಕೂತಿದ್ದ. ಆಕೆಯನ್ನು ಬೈಯಲಿಲ್ಲ. ಒಂದ ಹಗ್ಗಕ್ಕ ಇಷ್ಟ ಆತು ನೋಡು ಎಂದಷ್ಟೇ ಹೇಳಿದ. ಹೂಂ, ಆತು ಎಂದಳು ಆಕೆ. ಮೂಲೆಯಲ್ಲಿ ನಿಂತು ಒಂದು ಸಲ ಅತ್ತಳು. ಅತ್ತು ಮೂಗು ಒರೆಸಿಕೊಂಡು ಒಲೆಯ ಮೂರು ಕಲ್ಲುಗಳನ್ನು ಬುಟ್ಟಿಗೆ ಹಾಕಿದಳು. ಮೇಲೆ ರೊಟ್ಟಿಯ ಹಂಚು, ಹಿಟ್ಟಿನ ಡಬ್ಬಿ ಇಟ್ಟಳು. ಬುಟ್ಟಿ ತಲೆಯ ಮೇಲೆ ಹೊತ್ತು ಊರ ನಡುವೆ ನಡೆದಳು. ಗುರುಸಿದ್ಧ ಕೊಡ ಹಿಡಿದು ಹಿಂದೆ ಬಂದ.

ಪಂಚಾಯತಿಯ ಮುಂದೆ ಮಾಲಕರ ಬಳಗ ಕುರ್ಚಿ ಹಾಕಿಕೊಂಡು ಜಿಲೇಬಿ ತಿನ್ನುತ್ತಿತ್ತು. ಆಫೀಸಿನ ಬಾಗಿಲಿಗೆ ಬೀಗ ಬಿದ್ದಿತ್ತು. ಸುಗಲಾಬಾಯಿ ಮೆಟ್ಟಿಲ ಮೇಲೆ ಕೂರಲಿಲ್ಲ. ಮೆಟ್ಟಿಲು ಹತ್ತಿ, ಬುಟ್ಟಿ ಇಳಿಸಿ ಯೋಗಿರಾಜನ ಕಡೆ ತಿರುಗಿದಳು.

"ಬೀಗ ತೆಗೀರಿ."

ಆಜ ಸುಟ್ಟಿ ಆಹೆ ಬಾಯಿ ಎಂದು ಯೋಗಿರಾಜ ಮೊದಲು ಮರಾಠಿಯಲ್ಲಿ ಅಂದ, ಮರಾಠಿ ಸಾಲದೆನಿಸಿ ಕನ್ನಡಕ್ಕೆ ಬಂದ. ಇವತ್ತು ರಜೆ, ಇದು ಸರಕಾರಿ ಜಾಗ, ಇಲ್ಲಿ ಒಲೆ ಹೂಡಲು ಬರುವುದಿಲ್ಲ ಎಂದ.

"ಹೌದು, ಸರಕಾರ ನಾನ. ಸರಕಾರಕ್ಕ ಹಸಿವ್ಯಾಗ್ಯಾದ. ತೆಗೀರಿ."

ಯೋಗಿರಾಜ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಮಾಲಕರ ಮುಖ ನೋಡಿದ. ಮಾಲಕರು ಜಿಲೇಬಿ ಕೆಳಗಿಟ್ಟು ಕೈ ಒರೆಸಿಕೊಂಡರು. ಸಚಿನ ಕುರ್ಚಿಯಿಂದ ಎದ್ದ. ಸುಗಲಾಬಾಯಿ ಯಾರ ಮುಖವನ್ನೂ ನೋಡಲಿಲ್ಲ. ಬುಟ್ಟಿಯಿಂದ ಮಸಿ ಹಿಡಿದ ಒಂದು ಒಲೆಗಲ್ಲನ್ನು ತೆಗೆದು, ಎರಡೂ ಕೈಯಿಂದ ಎತ್ತಿ ಬೀಗದ ಮೇಲೆ ಹೊಡೆದಳು. ಬಾಗಿಲು ಅದುರಿತು, ಬೀಗ ಬೀಳಲಿಲ್ಲ. ಹಿಂದೆ ಕುರ್ಚಿಗಳು ಸರಿದ ಸಪ್ಪಳ ಕೇಳಿಸಿತು. ಗುರುಸಿದ್ಧ ಕೊಡ ಕೆಳಗಿಟ್ಟು, ಮೆಟ್ಟಿಲಿಗೆ ಅಡ್ಡ ಬಂದು ನಿಂತ. ಆಕೆ ಕಲ್ಲನ್ನು ಇನ್ನೊಮ್ಮೆ ಎತ್ತಿದಳು.