ನಾನು ಬರೆದಿಡದ ಲೆಕ್ಕ

ರಟ್ಟಿನ ಕಾರ್ಡನ್ನು ದೀಪಕ್ಕೆ ಹಿಡಿದರೆ ಅದರ ತೂತುಗಳಿಂದ ಬೆಳಕು ಸಣ್ಣ ಸಣ್ಣ ಗೆರೆಗಳಾಗಿ ನನ್ನ ಅಂಗೈ ಮೇಲೆ ಬೀಳುತ್ತಿತ್ತು. ಯಾವ ತೂತು ಯಾವ ಅಂಕಿಯೆಂದು ನೋಡಿದೊಡನೆ ಹೇಳಬಲ್ಲವಳಾಗಿದ್ದೆ. ಜಲಾಶಯದ ಕಚೇರಿಗೆ ಮೊದಲ ಕಂಪ್ಯೂಟರ್ ಬಂದ ಕಾಲವದು; ಅಂಕಿಗಳನ್ನು ಕಾರ್ಡಿನಲ್ಲಿ ತೂತು ಕೊರೆದೇ ಅದಕ್ಕೆ ಕೊಡಬೇಕಿತ್ತು. ಯಾವ ಕಾಲುವೆಗೆ ಎಷ್ಟು ನೀರು ಬಿಡಬೇಕೆಂಬ ಲೆಕ್ಕವನ್ನು ಅಲ್ಲಿಯವರೆಗೆ ನಾವು ಹನ್ನೆರಡು ಹೆಂಗಸರು ಕೈಯಲ್ಲೇ ಮಾಡುತ್ತಿದ್ದೆವು. ಯಂತ್ರ ಬಂದ ವರ್ಷವೇ ಹನ್ನೊಂದು ಜನ ಕೆಲಸ ಕಳೆದುಕೊಂಡರು. ಪ್ರೋಗ್ರಾಂ ಬರೆಯಲು ಕಲಿತಿದ್ದ ನಾನೊಬ್ಬಳು ಉಳಿದೆ.

ನನ್ನ ಗಂಡ ಏಕನಾಥ ದೂರದ ಊರಿನಲ್ಲಿ ಮೇಷ್ಟರಾಗಿದ್ದರು. ರಜೆಯಲ್ಲಿ ಮಾತ್ರ ನಮ್ಮ ಭೇಟಿ. ವರ್ಗಾವಣೆ ಕೇಳಿ ಮೊದಲ ಅರ್ಜಿ ಹಾಕಿದಾಗ ಮೇಲಧಿಕಾರಿ ವಾಮನಮೂರ್ತಿಗಳು, "ಟೇಪಿನ ಯಂತ್ರ ಬರ್ತಾ ಇದೆ. ಅದೊಂದು ಕೂತ್ಕೊಳ್ಳಲಿ ಕಣಮ್ಮ, ಆಮೇಲೆ ನಾನೇ ಕಳಿಸ್ಕೊಡ್ತೀನಿ" ಎಂದರು. ಕಾರ್ಡುಗಳಲ್ಲಿದ್ದುದನ್ನೆಲ್ಲ ಟೇಪಿಗೆ ಏರಿಸಿದೆ. ಆಮೇಲೆ ಪರದೆಯ ಯಂತ್ರ ಬಂತು. ಅದರ ಹಿಂದೆಯೇ ಮೇಜಿನ ಮೇಲೆ ಕೂರುವ ಪುಟ್ಟದು. ಕೋಣೆ ತುಂಬಿದ್ದ ಯಂತ್ರ ಕುಗ್ಗುತ್ತ ಹೋಯಿತು. ನಾನು ಮಾತ್ರ ಅದೇ ಕೋಣೆಯಲ್ಲಿದ್ದೆ. ಎಲ್ಲದರೊಳಗೂ ನನ್ನ ಹಳೆಯ ಪ್ರೋಗ್ರಾಮೇ ಓಡುತ್ತಿತ್ತು, ಅದನ್ನು ಬೇರೆ ಯಾರಿಂದಲೂ ಓಡಿಸಲಾಗುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಆರು ಅರ್ಜಿ ವಾಪಸು ಬಂದವು. ಏಕನಾಥರು ಮೊದಮೊದಲು ಪ್ರತಿ ಪತ್ರದಲ್ಲೂ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರು. ಕ್ರಮೇಣ ಕೇಳುವುದನ್ನು ಬಿಟ್ಟರು. ಅದಕ್ಕೇ ನಾನು ಹೆಚ್ಚು ಹೆದರಿದ್ದು.

ಹದಿನಾರನೆಯ ವರ್ಷ ಶಾಹಿದಾ ಎಂಬ ಹೊಸ ಪ್ರೋಗ್ರಾಮರ್ ಬಂದಳು. ಮೂರು ತಿಂಗಳು ನನ್ನ ಪ್ರೋಗ್ರಾಮನ್ನು ಓದಿ, ಒಂದು ಮಧ್ಯಾಹ್ನ ಪಕ್ಕದಲ್ಲಿ ಬಂದು ಕುಳಿತಳು.

"ಅಕ್ಕಾ, ಇಲ್ಲಿ ಒಂದು ಅಂಕಿ ಕೇಳುತ್ತೆ. ಪ್ರತಿ ವಾರ ಬೇರೆ. ಅದೆಲ್ಲಿಂದ ಬರುತ್ತೆ?"

"ನನ್ನ ತಲೆಯಿಂದ."

"ಲೆಕ್ಕಕ್ಕೆ ಅದು ಬೇಕೇ ಇಲ್ಲವಲ್ಲ."

ಅದು ನಿಜವಾಗಿತ್ತು. ಹನ್ನೊಂದು ಜನ ಹೊರಟುಹೋದ ವಾರ, ಹನ್ನೆರಡನೆಯವಳು ನಾನೇ ಎಂಬ ಭಯದಲ್ಲಿ ಆ ಅಂಕಿ ಕೊಡದೆ ಲೆಕ್ಕ ಮುಂದೆ ಓಡದಂತೆ ನಡುವೆ ಸೇರಿಸಿ, ಟಿಪ್ಪಣಿಗಳನ್ನೆಲ್ಲ ಹರಿದುಹಾಕಿದ್ದೆ. ನಾನಿಲ್ಲದೆ ಯಂತ್ರ ನಡೆಯಬಾರದೆಂದು ಬಯಸಿದವಳು ನಾನೇ. ಅರ್ಜಿ ವಾಪಸಾದಾಗಲೆಲ್ಲ ಮೂರ್ತಿಗಳನ್ನು ಶಪಿಸಿದ್ದೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಸುಮ್ಮನಾಗಿದ್ದೆ. ಇದನ್ನೆಲ್ಲ ಶಾಹಿದಾಗೆ ಹೇಳಿದೆ.

ಅವಳು ಬೈಯಲಿಲ್ಲ. ನಾನು ಡ್ರಾಯರಿನಿಂದ ಒಂದು ಹಳೆಯ ಕಾರ್ಡು ತೆಗೆದು ಬೆಳಕಿಗೆ ಹಿಡಿದು, ಮೊದಲ ತೂತಿನಿಂದಲೇ ಅವಳಿಗೆ ಹೇಳಿಕೊಡತೊಡಗಿದೆ. ನಲವತ್ತು ದಿನ ಹಿಡಿಯಿತು. ಅವಳು ಒಬ್ಬಳೇ ಲೆಕ್ಕ ಓಡಿಸಿದ ಸೋಮವಾರ, ನಾನು ಏಳನೆಯ ಅರ್ಜಿ ಹಿಡಿದು ಮೂರ್ತಿಗಳ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಕನ್ನಡಕ ತೆಗೆದಿಟ್ಟರು. "ನನಗೆ ಅನುಮಾನ ಇತ್ತಮ್ಮ. ನೀನು ಇರೋವರೆಗೂ ನನಗೆ ಚಿಂತೆ ಇರಲಿಲ್ಲ. ಅದಕ್ಕೇ ಕೇಳಲಿಲ್ಲ" ಎಂದು ಸಹಿ ಹಾಕಿದರು. ಸಿಟ್ಟು ಮಾಡಿಕೊಳ್ಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಏಕನಾಥರ ಊರು ತಲುಪಿದಾಗ ಬೆಳಗಾಗಿತ್ತು. ಅವರು ಪೆಟ್ಟಿಗೆ ಒಳಗಿಟ್ಟು ಅಡುಗೆಮನೆಗೆ ಹೋದರು. ಅಭ್ಯಾಸಬಲದಿಂದ ಒಂದೇ ಲೋಟದಷ್ಟು ಕಾಫಿ ಮಾಡಿದ್ದರು. ಇನ್ನೊಂದು ಲೋಟ ತೊಳೆದು ತಂದು, ಇದ್ದ ಕಾಫಿಯಲ್ಲೇ ಅರ್ಧವನ್ನು ಅದಕ್ಕೆ ಬಗ್ಗಿಸಿದರು.