ನೆಟ್ ಬಂಗಾರ

ಏಳನೇ ಕ್ಲಾಸು ಮುಗಿಸದವನ ಕೈಗೆ ಕಂಪ್ಯೂಟರ್ ಕೊಟ್ರ ಊರ ಬಂಗಾರನೆಲ್ಲ ನುಂಗ್ತಾನ ನೋಡ್ರಪ, ಅಂದ ಮೆಕ್ಕೆಜೋಳದ ವ್ಯಾಪಾರಿ ಓಬಳೇಶಪ್ಪ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಅಷ್ಟು ಮಂದಿಯ ಮುಂದೆ, ಬಸಿಯಲ್ಲಿನ ಚಹಾ ಸೊರ್ ಎಂದು ಹೀರುತ್ತ — ಆ ಸದ್ದು ನೆಟ್ ಅಂಗಡಿಯ ಅರುಣಕುಮಾರನ ಬೆನ್ನಹುರಿಯಲ್ಲಿ ಇಳಿಯಿತು, ಯಾರೋ ನಕ್ಕರು, ಮುಷ್ಟಿ ತಾನಾಗಿಯೇ ಬಿಗಿಯಿತು, ಒಂದೇ ಏಟು, ಬಸಿ ಓಬಳೇಶಪ್ಪನ ಹಲ್ಲಿಗೇ ಬಡಿಯಬೇಕು, ಆದರೆ ಬೆಂಚಿನ ತುದಿಯ ಆ ಖಾಕಿ ಪ್ಯಾಂಟು ಕಂಡಕ್ಟರನದೋ ಪೊಲೀಸನದೋ, ಬೂಟು ಕಂಡರೆ ಗೊತ್ತಾಗುತ್ತಿತ್ತು, ಬೆಳಿಗ್ಗೆ ಠಾಣೆಯಲ್ಲಿ ಕಂಡದ್ದೂ ಬೂಟೇ, ತಲೆ ಎತ್ತಿದ್ದರೆ ತಾನೆ ಸಾಹೇಬರ ಮುಖ ಕಾಣುವುದು, ನಿನ್ನ ನೆಟ್ ಬಂಗಾರ ನೋಟಲ್ಲ, ಒಡವಿ ಅಲ್ಲ, ಬ್ಯಾಂಕಿಂದೂ ಅಲ್ಲ, ಎಲ್ಲೈತಿ ಅಂದ್ರ ಗಾಜಿನಾಗ ಅಂಕಿ ತೋರಸ್ತಿ, ಇದಕ್ಕ ಯಾವ ಸೆಕ್ಷನ್ ಹಾಕ್ಲಿಲೇ, ಅಂದಿದ್ದರು, ಆಮೇಲೆ ಮೆತ್ತಗೆ, ಆ ಬಂಗಾರಕ್ಕ ಕಾನೂನಿಲ್ಲ, ನಿನಗೈತಿ, ನಾಳಿ ಬಾ — ಆಗಲೂ ಕಣ್ಣ ಮುಂದೆ ಅವ್ವನ ಕಿವಿ, ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ.

ಕದ್ದಿಲ್ಲ ಅವನು, ನೆಟ್ ಅಂಗಡಿಯಲ್ಲಿ ಕೂತು ಕೀಲಿಮಣೆ ಒತ್ತಿದ್ದಷ್ಟೇ, ಮೈಮೇಲಿನ ಒಡವಿ ಮಾರಿ ನೆಟ್ ಬಂಗಾರ, ಅಂದ್ರ ಕಂಪ್ಯೂಟರಿನಾಗಿನ ನಾಣ್ಯ, ತಗೊಳ್ರಿ, ಕಳ್ಳರ ಕೈಗೆ ಸಿಗಂಗಿಲ್ಲ, ಸರಕಾರದ ಕಣ್ಣಿಗೂ ಬೀಳಂಗಿಲ್ಲ ಅಂದವನು ಅವನೇ, ಅಂದದ್ದೂ ನಂಬಿಯೇ, ಜನ ಕಾಯಿ, ಊದಿನಕಡ್ಡಿ ಹಿಡಿದು ಬಂದರು, ಮಾನಿಟರಿಗೆ ವಿಭೂತಿ ಬಳಿದರು, ಪಾಸ್‌ವರ್ಡ್ ಏನಿಡ್ಲಿ ಅಂದರೆ, ಹೊಸ ಲೆಕ್ಕಕ್ಕ ಮೊದಲ ದೇವರ ಹೆಸರಲ್ಲೇನಪ, ಕೊಟ್ರೇಶ ಅಂತ ಹಾಕು, ಅಂದರು — ಕೊಟ್ರೇಶ, ಕೊಟ್ರೇಶ, ಒಬ್ಬರಾದ ಮೇಲೊಬ್ಬರು, ಈ ಓಬಳೇಶಪ್ಪನೂ ಚಪ್ಪಲಿ ಕಳಚಿ ಕೈಮುಗಿದು ಅದನ್ನೇ ಹಾಕಿಸಿದ, ಪರದೆಯ ಮೇಲೆ ಬರೀ ಚುಕ್ಕಿ, ಎಲ್ಲರ ಬಾಗಿಲಿಗೂ ಒಂದೇ ಕೀಲಿ, ಎಲ್ಲಿಯವನೋ ಒಬ್ಬ ಎಲ್ಲ ಬಾಗಿಲು ತೆರೆದು ಇದ್ದಬದ್ದ ನೆಟ್ ಬಂಗಾರ ಗುಡಿಸಿಕೊಂಡು ಹೋದ, ಹೇಳಲೇನು ಈಗ, ಓಬಳೇಶಪ್ಪನವ್ರ, ನಿಮ್ಮ ಕೀಲಿ ಊರಿಗೆಲ್ಲ ಗೊತ್ತಿತ್ತ್ರಿ ಅಂತ, ಹೇಳಿದರೆ, ಹಂಗಾದ್ರ ನಿನಗೂ ಗೊತ್ತಿತ್ತು ಅಂದಂಗಾತು, ಎನ್ನುತ್ತಾರೆ, ಆ ಖಾಕಿ ಪ್ಯಾಂಟು ಎದ್ದು ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು — ಯಾಕಲೇ, ಬಾಯಾಗ ಏನೈತಿ, ನುಂಗಿದ್ದು ಇನ್ನೂ ಇಳಿದಿಲ್ಲೇನು, ಓಬಳೇಶಪ್ಪ ಮತ್ತೆ, ಮತ್ತೆ ನಗು, ಎಲ್ಲರಿಗಿಂತ ಮೊದಲು ಕೊಟ್ಟವಳು ಅವ್ವ, ಗಾಳೆಮ್ಮ, ಹೆತ್ತಾಕಿ ನಂಬದಿದ್ರ ಮಂದಿ ಹೆಂಗ ನಂಬ್ತಾರ, ಅನ್ನುತ್ತ ಬೆಂಡೋಲೆ ಬಿಚ್ಚಿದಳು, ತೂತು ಮುಚ್ಚಿಹೋಗದಿರಲಿ ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು, ಅವು ವಾಪಸ್ ಬರೋಮಟ ಇದಾ ನನ್ನ ಓಲಿ, ನಕ್ಕಿದ್ದಳು, ಅವಳಿಗಿನ್ನೂ ಯಾರೂ ಹೇಳಿಲ್ಲ, ಅವನೂ ಹೇಳಿಲ್ಲ, ಈ ಮಾತು ಈಗ ಬಸ್ ಹತ್ತಿ ಅವ್ವನಿರುವ ತೆಲಿಗಿಗೆ ಹೋಗುತ್ತದೆ, ಅವನಿಗಿಂತ ಮೊದಲೇ ಮನೆ ಸೇರುತ್ತದೆ — ಮುಷ್ಟಿ ಬಿಚ್ಚಿತು, ಅವನು ತಿರುಗಿ ನಡೆದ, ಹಿಂದೆ ಬೂಟಿನ ಸಪ್ಪಳವೋ ಬರೀ ಬೆಂಚು ಸರಿದದ್ದೋ, ನೋಡಲಿಲ್ಲ, ಇವತ್ತು ಬೆಳಿಗ್ಗೆ ಅವ್ವ ಕಡ್ಡಿ ಬದಲಿಸಿದ್ದಳು, ಆಗಷ್ಟೇ ಮುರಿದು ತಂದದ್ದು, ಇನ್ನೂ ಹಸಿ, ಅವ್ವನ ಕಿವಿಯಲ್ಲಿ ಹಸಿರು ಕಡ್ಡಿ, ಹಸಿರು ಕಡ್ಡಿ, ಕಡ್ಡಿ